ಮಾಮಿಗೊಂದು ಕೋಣೆ

ಓಕ್‌ವಿಲ್
18 ಏಪ್ರಿಲ್ 2018

ಶ್ರೇಯಾ,

ನಿನ್ನ ಕಾರ್ಡು ಬಂತು. ಹಿಂದುಗಡೆ ಒಂದೇ ಸಾಲು: 'ಮಾಮಿ, ಇಟಲಿಯಲ್ಲಿದ್ದೇನೆ, ಕ್ಷೇಮ.' ಅದರ ಕೆಳಗೆ ವಿಳಾಸ. ನೀನು ಕ್ಷೇಮ ಅಂದ ಕೂಡಲೇ ನಂಬುವವಳಲ್ಲ ನಾನು. ಆದರೆ ವಿಳಾಸ ನೋಡಿ ಜೀವ ಬಂದಂತಾಯಿತು. ಬೇಡ ಅನ್ನಿಸಿದವರಿಗೆ ಯಾರೂ ವಿಳಾಸ ಬರೆದು ಕಳಿಸುವುದಿಲ್ಲ.

ನೀನು ಈ ಮನೆ ಬಿಟ್ಟು ಹೋದ ಮೇಲೆ ಇದು ಎರಡನೆಯ ಚಳಿಗಾಲ. ಮುಗಿಯುವ ಲಕ್ಷಣವೇ ಇಲ್ಲ. ಏಪ್ರಿಲ್ ಅರ್ಧ ಕಳೆದರೂ ಮೊನ್ನೆ ಶನಿವಾರ, ಭಾನುವಾರ ಐಸಿನ ಮಳೆ ಸುರಿದು ಎದುರು ಮನೆಯವರ ಬರ್ಚ್ ಮರ ಬಾಗಿ ನೆಲ ಮುಟ್ಟಿದೆ. ನಾನು ಕಿಟಕಿಯ ಹತ್ತಿರ ಕುಳಿತು ನಿನ್ನ ಕಾರ್ಡಿನ ಚಿತ್ರವನ್ನೇ ನೋಡುತ್ತಿದ್ದೆ. ಹಸಿರು ಗುಡ್ಡ, ಅದರ ಮೇಲೆ ಸುಣ್ಣ ಬಳಿದಂಥ ಬಿಳಿ ರಸ್ತೆ, ದೂರದಲ್ಲಿ ಒಬ್ಬ ಸೈಕಲ್ಲಿನವನು. ಮೊದಲು ಅದನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದೆ. ಆಮೇಲೆ ತೆಗೆದು ನನ್ನ ಕೋಣೆಯ ಕನ್ನಡಿಗೆ ಸಿಕ್ಕಿಸಿದೆ. ಯಾಕೆಂದು ನಿನಗೆ ಗೊತ್ತಾಗುತ್ತದೆ.

ನಿನ್ನನ್ನು ಏನೆಂದು ಕರೆಯಬೇಕೆಂದು ಬಹಳ ಯೋಚಿಸಿದೆ. ನೀನೀಗ ನನ್ನ ಮಗನ ಹೆಂಡತಿ ಅಲ್ಲ, ಕೋರ್ಟಿನವರು ಹಾಗೆ ಬರೆದು ಕೊಟ್ಟಾಗಿದೆ. ಕಳೆದ ನವೆಂಬರಿನಲ್ಲಿ ಲತೀಶ್ ಮಾನ್ಯಾಳನ್ನು ಮದುವೆಯೂ ಆದ. ಹಾಗಾದರೆ ನೀನು ನನಗೆ ಯಾರು? ಆಮೇಲೆ ಹೊಳೆಯಿತು, ನಮ್ಮ ತುಳುವಿನಲ್ಲಿ ಮಾಮಿ ಅಂದರೆ ಅತ್ತೆಯೂ ಹೌದು, ಸೋದರಮಾವನ ಹೆಂಡತಿಯೂ ಹೌದು, ಆಚೆಮನೆಯ ಹೆಂಗಸೂ ಹೌದು. ಆ ಶಬ್ದವನ್ನು ಯಾವ ಕೋರ್ಟೂ ರದ್ದು ಮಾಡುವ ಹಾಗಿಲ್ಲ.

ಮಾನ್ಯಾ ಕೆಟ್ಟವಳಲ್ಲ. ಬ್ರ್ಯಾಂಪ್ಟನ್‌ನಲ್ಲಿ ಬೆಳೆದ ಬೆಂಗಳೂರಿನವರ ಮಗಳು. ನಾನು ಕನ್ನಡದಲ್ಲಿ ಕೇಳಿದರೆ ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನನ್ನನ್ನು ಅತ್ತೆ ಅನ್ನುತ್ತಾಳೆ. ಹಾಗಾಗಿ ಈ ಮನೆಯಲ್ಲಿ ಮಾಮಿ ಅನ್ನುವವರು ಈಗ ಯಾರೂ ಇಲ್ಲ.

ನೀನು ಅಲ್ಲಿ ಸೈಕಲ್ ಟೂರಿನವರ ಜೊತೆ ಕೆಲಸಕ್ಕಿದ್ದಿ ಅಂತ ಲತೀಶ್ ಹೇಳಿದ. ನನಗೆ ನಗು ಬಂತು. ಮುಲ್ಕಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಪಿ.ಟಿ. ಟೀಚರಾಗಿ ಎಷ್ಟು ಮಕ್ಕಳಿಗೆ ಸೀಟಿ ಊದಿದ್ದೇನೋ, ನಿನ್ನಷ್ಟು ಹೆದರುಪುಕ್ಕಲಿಯನ್ನು ಕಂಡಿರಲಿಲ್ಲ. ನಿನಗೆ ಸೈಕಲ್ ಕಲಿಸುವಾಗ ಇಲ್ಲಿಯ ಚರ್ಚಿನ ಪಾರ್ಕಿಂಗ್ ಲಾಟಲ್ಲಿ ನಾನು ಸೀಟು ಹಿಡಿದು ಹಿಂದೆ ಓಡುವುದು, ನೀನು "ಬಿಡ್ಬೇಡಿ ಮಾಮಿ, ಬಿಡ್ಬೇಡಿ" ಅಂತ ಕಿರುಚುವುದು. ಅಂಥವಳು ಈಗ ಊರಿನವರಿಗೆಲ್ಲ ಗುಡ್ಡ ಹತ್ತಿಸುತ್ತೀಯಾ?

ಇನ್ನೊಂದು ವಿಷಯ ಬರೆಯಬೇಕಿತ್ತು. ಪೆನ್ನು ಮುಂದೆ ಹೋಗುವುದಿಲ್ಲ. ಇನ್ನೊಮ್ಮೆ ಬರೆಯುತ್ತೇನೆ.

ಕಾಲು ಬೆಚ್ಚಗೆ ಇಟ್ಟುಕೊ.

ನಿನ್ನ,
ಸುಮಿತ್ರಾ ಮಾಮಿ


ಸಾನ್ ಕ್ವಿರಿಕೊ
9 ಮೇ 2018

ಮಾಮಿ,

ನಿಮ್ಮ ಕಾಗದವನ್ನು ಗುಡ್ಡದ ಮೇಲೆ ಕುಳಿತು ಓದಿದೆ. ಮನೆಯಲ್ಲಿ ಓದಲು ಧೈರ್ಯ ಬರಲಿಲ್ಲ. ಇಲ್ಲಿ ನನಗೆ ಬಾಡಿಗೆಗೆ ಕೋಣೆ ಕೊಟ್ಟ ಮುದುಕಿ ಆಸ್ಸುಂತಾ, ನಾನು ಅತ್ತರೆ ಕೂಡಲೇ ಒಲೆ ಹೊತ್ತಿಸಿ ಏನಾದರೂ ತಿನ್ನಿಸಲು ಬರುತ್ತಾಳೆ. ಅಳುವುದಕ್ಕೂ ಬಿಡುವುದಿಲ್ಲ.

ನೀವು ಬರೆಯಲಾಗದೆ ಬಿಟ್ಟ ವಿಷಯ ನನಗೆ ಗೊತ್ತುಂಟು. ಲತೀಶ್ ಅವರೇ ಈಮೇಲ್ ಮಾಡಿದ್ದರು. ಮಗು ಸೆಪ್ಟೆಂಬರಿನಲ್ಲಂತೆ. 'ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ' ಅಂತ ಬರೆದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು. ಮಗುವಿಗಾಗಿ ನಾವಿಬ್ಬರೂ ಎಷ್ಟು ಆಸ್ಪತ್ರೆ ಸುತ್ತಿದ್ದೆವೆಂದು ನಿಮಗೆ ಹೇಳಬೇಕಾಗಿಲ್ಲ, ಕಾರಿನ ಹಿಂದಿನ ಸೀಟಿನಲ್ಲಿ ಟಿಫಿನ್ ಹಿಡಿದು ಕುಳಿತವರು ನೀವೇ. ಆ ಈಮೇಲ್ ಓದಿದ ದಿನ ಸೈಕಲ್ ಹತ್ತಿ ಹೊರಟವಳು ಎದುರು ಬಂದ ಪ್ರತಿಯೊಂದು ಗುಡ್ಡವನ್ನೂ ಹತ್ತಿದೆ. ಕಾಲು ಸೋತು ಬಿದ್ದ ಮೇಲೆ ಮನಸ್ಸೂ ಸೋತು ಸುಮ್ಮನಾಯಿತು. ಆದ್ದರಿಂದ ಇನ್ನು ನೀವು ಆ ಮಗುವಿನ ಬಗ್ಗೆ ಧಾರಾಳವಾಗಿ ಬರೆಯಿರಿ.

ನನ್ನ ಕೆಲಸ ಏನೆಂದು ಹೇಳುತ್ತೇನೆ. ಮುಂದೆ ದಾರಿ ತೋರಿಸುವವನು ಬೇರೆ ಇದ್ದಾನೆ. ನಾನು ಎಲ್ಲರಿಗಿಂತ ಹಿಂದೆ. ಯಾರು ಸುಸ್ತಾಗಿ ಇಳಿಯುತ್ತಾರೋ ಅವರ ಜೊತೆ ನಾನೂ ಇಳಿದು ತಳ್ಳಿಕೊಂಡು ನಡೆಯಬೇಕು. ಟಯರು ಪಂಚರಾದರೆ ತೇಪೆ ಹಾಕಿ ಕೊಡಬೇಕು. ವಾರದಲ್ಲಿ ಎರಡು ದಿನ ಸೈಕಲ್ ಇಲ್ಲ, ನಡಿಗೆ. ಹಿಂದಿನ ಕಾಲದಲ್ಲಿ ಯಾತ್ರಿಕರು ರೋಮಿಗೆ ನಡೆದು ಹೋಗುತ್ತಿದ್ದ ದಾರಿ ಇದೇ ಊರಿನ ಬಾಗಿಲಲ್ಲಿ ಹಾದುಹೋಗುತ್ತದೆ. ಈಗ ಗೋಧಿ ಮೊಣಕಾಲೆತ್ತರ ಬಂದಿದೆ. ಗಾಳಿ ಬಂದರೆ ಇಡೀ ಗುಡ್ಡ ಮಲಗಿದ ಪ್ರಾಣಿಯ ಮೈಯ ಹಾಗೆ ನಡುಗುತ್ತದೆ. ಮಧ್ಯೆ ಮಧ್ಯೆ ಕೆಂಪು ಗಸಗಸೆ ಹೂವು. ಒಂದೊಂದು ಗುಡ್ಡದ ನೆತ್ತಿಯಲ್ಲೂ ಒಂದೊಂದು ಕಲ್ಲಿನ ಊರು. ಇಳಿಯುವಾಗ ಎದುರಿನ ಊರು ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ, ಕಣಿವೆಗೆ ಇಳಿದ ಮೇಲೆ ಎಲ್ಲಿತ್ತೆಂದೇ ತಿಳಿಯುವುದಿಲ್ಲ.

ಸೈಕಲ್ ಯಾರು ಕಲಿಸಿದ್ದು ಅಂತ ಆಸ್ಸುಂತಾ ಕೇಳಿದಳು. "ಮಾಮಿ" ಅಂದೆ. ಅವಳು ಅದನ್ನು 'ಮಮ್ಮಿ' ಅಂತ ಕೇಳಿಸಿಕೊಂಡಳು. ನಾನು ತಿದ್ದಲಿಲ್ಲ. ನನ್ನ ಅಮ್ಮ ನಾನು ಪಿಯುಸಿಯಲ್ಲಿರುವಾಗಲೇ ಹೋದರು ಅಂತ ಹೇಳಲೂ ಇಲ್ಲ.

ಮಾಮಿ, ಜೂನ್‌ನಲ್ಲಿ ಒಮ್ಮೆ ಬರಲಾಗುತ್ತದಾ? ಕೇಳಿದೆ ಅಷ್ಟೆ. ನನ್ನ ಹೊಸ ನಂಬರು ಕೆಳಗೆ ಬರೆದಿದ್ದೇನೆ. ಆದರೆ ಫೋನು ಬೇಡ, ನಿಮ್ಮ ದನಿ ಕೇಳಿದರೆ ನಾನು ಏನನ್ನೂ ಸರಿಯಾಗಿ ಹೇಳುವುದಿಲ್ಲ. ಬರೆಯಿರಿ.

ನಿಮ್ಮ,
ಶ್ರೇಯಾ


ಓಕ್‌ವಿಲ್
2 ಜೂನ್ 2018

ಶ್ರೇಯಾ ಮಗಾ,

ಎಂಥ ಭಾರ ಇಳಿಸಿದೆ ನೀನು. ಲತೀಶ್ ನಿನಗೆ ತಿಳಿಸಿದ ವಿಷಯ ನನಗೆ ಹೇಳಿಯೇ ಇರಲಿಲ್ಲ. ನಿನ್ನ ಪತ್ರ ಓದಿ ಕೆಳಗಿಳಿದು ಅವನಿಗೆ ಇನ್ನೊಂದು ದೋಸೆ ಹೆಚ್ಚು ಹಾಕಿದೆ. ಯಾಕೆಂದು ಅವನಿಗೆ ಗೊತ್ತಾಗಲಿಲ್ಲ, ತಿಂದ.

ಜೂನ್‌ನಲ್ಲಿ ಬರುವುದು ಆಗುವುದಿಲ್ಲ. ಮಾನ್ಯಾಳಿಗೆ ಬಿ.ಪಿ. ಏರುತ್ತದೆ, ಮಲಗಿಯೇ ಇರಬೇಕಂತೆ. ಅವಳ ಅಮ್ಮ ಶಾರದಮ್ಮ ಬ್ರ್ಯಾಂಪ್ಟನ್‌ನ ವೇರ್‌ಹೌಸಲ್ಲಿ ಕೆಲಸ ಮಾಡುವವರು, ಶಿಫ್ಟು ಬಿಟ್ಟು ಬರಲಿಕ್ಕಾಗುವುದಿಲ್ಲ. ಶನಿವಾರ ಬಸ್ಸಿನಲ್ಲಿ ಬಂದು ಮಗಳ ತಲೆಗೆ ಎಣ್ಣೆ ಹಚ್ಚಿ ಹೋಗುತ್ತಾರೆ. ಉಳಿದ ದಿನ ನಾನೇ. ನನ್ನ ಮೊಣಕಾಲೂ ಮೊದಲಿನ ಹಾಗಿಲ್ಲ.

ಇಷ್ಟು ಬರೆದು ಪತ್ರ ಮುಚ್ಚಬಹುದಿತ್ತು. ಆದರೆ ನಡೆದದ್ದು ಹೇಳುತ್ತೇನೆ, ಕೇಳು. ನಿನ್ನ ಪತ್ರ ಬಂದ ಮರುದಿನ ಗರಾಜಿಗೆ ಹೋಗಿ ನನ್ನ ಸೈಕಲ್ ಇಳಿಸಿದೆ. ನೀನು ಹೋದ ಮೇಲೆ ಮುಟ್ಟಿರಲಿಲ್ಲ. ಗಾಳಿ ಹಾಕಿದೆ, ಚೈನಿಗೆ ಎಣ್ಣೆ ಬಿಟ್ಟೆ. ಮಾನ್ಯಾ ನಿದ್ದೆ ಹೋದ ಮೇಲೆ ಚೂಡಿದಾರದ ಪ್ಯಾಂಟಿಗೆ ರಬ್ಬರ್ ಬ್ಯಾಂಡ್ ಸುತ್ತಿ ಹೊರಟೆ. ಮೂಲೆಯವರೆಗೆ ಅಂತ ಹೊರಟವಳು ಲೇಕ್‌ಶೋರ್ ರಸ್ತೆ ಹಿಡಿದು ಬ್ರಾಂಟಿಯ ದೋಣಿಕಟ್ಟೆ ತನಕ ಹೋದೆ! ನಾವು ಕುಳಿತುಕೊಳ್ಳುತ್ತಿದ್ದ ಬೆಂಚಿನಲ್ಲಿ ಯಾರೋ ಇಬ್ಬರು ಐಸ್‌ಕ್ರೀಮ್ ತಿನ್ನುತ್ತಿದ್ದರು. ನಾನು ಸರೋವರ ನೋಡುತ್ತ ನಿಂತೆ. ನೀರು ಸಮುದ್ರದ ಹಾಗೇ ಕಾಣುತ್ತದೆ, ಉಪ್ಪಿನ ವಾಸನೆ ಮಾತ್ರ ಇಲ್ಲ ಅಂತ ನೀನು ಯಾವಾಗಲೂ ಹೇಳುತ್ತಿದ್ದೆ.

ವಾಪಸು ಬರುವಾಗ ಮನೆ ಮುಂದೆಯೇ ಲತೀಶ್ ಸಿಕ್ಕಿಬಿಟ್ಟ. ಪ್ಲಾಂಟಿನ ಕೆಲಸದಿಂದ ಬೇಗ ಬಂದಿದ್ದ.

"ಅಮ್ಮ, ನಿಮಗೆ ಎಂತ ಮರುಳಾ? ಈ ಟ್ರಾಫಿಕ್ಕಲ್ಲಿ, ಹೆಲ್ಮೆಟ್ ಸಹ ಇಲ್ಲದೆ!"

"ಇದ್ದದ್ದು ಒಂದು ಹೆಲ್ಮೆಟ್. ಅದನ್ನು ಅವಳು ತಕೊಂಡು ಹೋಗಿದ್ದಾಳೆ," ಅಂದೆ.

ಅವನು ಸೈಕಲ್ ತೆಗೆದುಕೊಂಡು ಹೋಗಿ ಗರಾಜಿನಲ್ಲಿ ಇಟ್ಟ. ಮೊನ್ನೆ ಭಾನುವಾರ ಹೊಸ ಹೆಲ್ಮೆಟ್ ಒಂದು ನನ್ನ ಕೋಣೆಯ ಬಾಗಿಲಲ್ಲಿತ್ತು. ನೇರಳೆ ಬಣ್ಣ. ಮುದುಕಿಗೆ ನೇರಳೆ!

ಬರಲಾಗುವುದಿಲ್ಲ ಅಂತ ಬರೆದಿದ್ದೇನೆ. ಬರಲು ಮನಸ್ಸಿಲ್ಲ ಅಂತ ಓದಿಕೊಳ್ಳಬೇಡ.

ನಿನ್ನ,
ಮಾಮಿ


ಸಾನ್ ಕ್ವಿರಿಕೊ
22 ಜುಲೈ 2018

ಮಾಮಿ,

ನೇರಳೆ ಹೆಲ್ಮೆಟ್ಟಿನ ಫೋಟೋ ಒಂದು ಕಳಿಸಿ.

ಇಲ್ಲಿ ಗೋಧಿ ಕೊಯ್ದಾಯಿತು. ಹಸಿರು ಗುಡ್ಡಗಳೆಲ್ಲ ಈಗ ಬೋಳಾಗಿ ಸಿಂಹದ ಬಣ್ಣಕ್ಕೆ ತಿರುಗಿವೆ. ಹುಲ್ಲಿನ ದೊಡ್ಡ ದೊಡ್ಡ ಉರುಳೆಗಳು ಇಳಿಜಾರಿನಲ್ಲಿ ಅಲ್ಲಲ್ಲಿ ನಿಂತಿವೆ. ಬಿಸಿಲು ನಮ್ಮ ಮುಲ್ಕಿ ಕಡೆಯ ಏಪ್ರಿಲ್ ತಿಂಗಳ ಬಿಸಿಲಿನ ಹಾಗೆ, ಆದರೆ ಬೆವರು ಬಂದಲ್ಲೇ ಒಣಗುತ್ತದೆ. ಬಿಳಿ ರಸ್ತೆಯ ಧೂಳು ಹಲ್ಲಿನೊಳಗೂ ಇರುತ್ತದೆ. ನಸುಕಿನಲ್ಲೇ ಹೊರಟು ಬಿಸಿಲೇರುವ ಮೊದಲು ಯಾವುದಾದರೂ ಊರು ಸೇರಿಕೊಳ್ಳುತ್ತೇವೆ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿ ಮಲಗುತ್ತದೆ.

ಕಳೆದ ವಾರ ನಡಿಗೆಯ ದಿನ, ಓಕ್ ಮರಗಳ ಕೆಳಗೆ ಮುಳ್ಳುಹಂದಿಯ ಮುಳ್ಳು ಸಿಕ್ಕಿತು. ಕಪ್ಪು ಬಿಳಿ ಪಟ್ಟೆಯದು, ನಮ್ಮ ಊರಿನದೇ. ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಜೊತೆಯಲ್ಲಿದ್ದ ಡಚ್ ಹೆಂಗಸು, "ಏನಾದರೂ ಕಳಕೊಂಡಿರಾ?" ಅಂತ ಕೇಳಿದಳು.

ಇಲ್ಲಿ ತುಳು ಮಾತಾಡಲು ಯಾರೂ ಇಲ್ಲ ಮಾಮಿ. ಟೊರೊಂಟೊದಲ್ಲಿ ಕಾಲೇಜಿಗೆ ಬಂದ ಮೊದಲ ವರ್ಷವೂ ಹೀಗಿರಲಿಲ್ಲ, ಬೇಸ್‌ಮೆಂಟಲ್ಲಿ ಜೊತೆಗಿದ್ದ ಹುಡುಗಿ ಬಂಟ್ವಾಳದವಳು. ಈಗ ಸೈಕಲ್ಲಿನ ಹತ್ತಿರ ತುಳುವಿನಲ್ಲಿ ಮಾತಾಡುತ್ತೇನೆ. ಏರು ಬಂದಾಗ ಬೈಯುತ್ತೇನೆ ಸಹ. ಮೊನ್ನೆ ರಾದಿಕೋಫಾನಿ ಎನ್ನುವ ಊರಿಗೆ ಹೋಗಿದ್ದೆವು. ಎತ್ತರದಲ್ಲಿ ಕೋಟೆಯ ಬುರುಜು ಇದೆ, ಎಲ್ಲಿಂದ ನೋಡಿದರೂ ಕಾಣುತ್ತದೆ, ಎಷ್ಟು ತುಳಿದರೂ ಬರುವುದಿಲ್ಲ. ಮೇಲೆ ನಿಂತು ನೋಡಿದರೆ ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೊಂದು. ಜೊತೆಯವರೆಲ್ಲ ಸಂತೋಷದಿಂದ ಫೋನ್ ತೆಗೆದು ಮನೆಯವರಿಗೆ ತೋರಿಸುತ್ತಿದ್ದರು. ನಾನೂ ಫೋನ್ ತೆಗೆದೆ. ಯಾರಿಗೆ ಅಂತ ತಿಳಿಯದೆ ಮತ್ತೆ ಜೇಬಿಗೆ ಹಾಕಿದೆ.

ಚಳಿಗಾಲದಲ್ಲೂ ಇಲ್ಲೇ ಆಫೀಸಿನಲ್ಲಿ ಇರುತ್ತೀಯಾ, ಪರ್ಮಿಟ್ ನಾವೇ ಮಾಡಿಸುತ್ತೇವೆ ಅಂತ ಕಂಪನಿಯವರು ಕೇಳಿದ್ದಾರೆ. ಇನ್ನೂ ಉತ್ತರ ಕೊಟ್ಟಿಲ್ಲ. ಟೊರೊಂಟೊಗೆ ವಾಪಸು ಬರುವುದಾದರೆ ಯಾರ ಮನೆಯೆಂದು ಇಳಿಯಲಿ?

ಹುಷಾರು. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡಿ.

ನಿಮ್ಮ,
ಶ್ರೇಯಾ


ಓಕ್‌ವಿಲ್
21 ಸೆಪ್ಟೆಂಬರ್ 2018

ಶ್ರೇಯಾ,

ಮಗು ಹುಟ್ಟಿತು. ಹೆಣ್ಣು. ಸಾನ್ವಿ ಅಂತ ಹೆಸರಿಟ್ಟಿದ್ದಾರೆ. ಎರಡೂ ಜೀವ ಆರಾಮ. ಮಗುವನ್ನು ಮೊದಲು ನನ್ನ ಕೈಗೆ ಕೊಟ್ಟರು. ಬಹಳ ಸಂತೋಷವಾಯಿತು. ಅಷ್ಟು ಸಂತೋಷವಾದದ್ದಕ್ಕೆ ಆಮೇಲೆ ನಿನ್ನನ್ನು ನೆನೆದು ಸಂಕಟವೂ ಆಯಿತು. ನೀನು ಧಾರಾಳವಾಗಿ ಬರೆಯಿರಿ ಅಂದಿದ್ದಿ, ಆದ್ದರಿಂದ ಬರೆದೆ. ಇನ್ನು ಮುಂದಿನದು ಕೇಳು.

ಮಾನ್ಯಾಳ ಬಾಣಂತನ ತಾಯಿಮನೆಯಲ್ಲಿ. ಶಾರದಮ್ಮ ಕೊನೆಗೂ ರಜೆ ಪಡೆದು ಮಗಳನ್ನು ಬ್ರ್ಯಾಂಪ್ಟನ್‌ಗೆ ಕರೆದುಕೊಂಡು ಹೋಗುತ್ತಿದ್ದಾರೆ. ಹೊರಡುವ ಮೊದಲು ಮಾನ್ಯಾ ನನ್ನ ಕೋಣೆಗೆ ಬಂದಳು. ಕನ್ನಡಿಯಲ್ಲಿರುವ ಕಾರ್ಡು ನೋಡುತ್ತ ನಿಂತಳು.

"ಅತ್ತೆ, ನೀವು ಅವರಿಗೆ ಲೆಟರ್ ಬರೀತೀರ ಅಂತ ಐ ನೋ. ಅದರಲ್ಲಿ ತಪ್ಪೇನಿದೆ? ನಾನು ನವೆಂಬರ್ ತನಕ ಅಮ್ಮನ ಮನೇಲೇ ಇರ್ತೀನಿ. ಯೂ ಶುಡ್ ಗೋ."

"ಎಲ್ಲಿಗೆ?" ಅಂದೆ, ಗೊತ್ತಿಲ್ಲದವಳ ಹಾಗೆ.

ಅವಳು ಕಾರ್ಡಿನ ಮೇಲೆ ಬೆರಳಿಟ್ಟಳು. ಇಷ್ಟು ದಿನ ಅವಳ ಹತ್ತಿರ ಮುಖ ಕೊಟ್ಟು ನಾಲ್ಕು ಮಾತಾಡಿರಲಿಲ್ಲ ನಾನು. ಆವತ್ತು ಅವಳ ತಲೆ ಸವರಿದೆ.

ಲತೀಶ್ ಮಾತ್ರ ಸಿಟ್ಟಾದ. "ಅವಳಲ್ಲಿಗೆ? ಜನ ಎಂತ ಹೇಳ್ಲಿಕ್ಕಿಲ್ಲ ಅಮ್ಮ?"

"ಯಾವ ಜನ? ಪಕ್ಕದ ಮನೆಯವನ ಹೆಸರು ನಿನಗೆ ಗೊತ್ತುಂಟಾ?"

ಅವನು ಮಾತು ತಿರುಗಿಸಿ ಹೇಳಿದ, "ನಿಮ್ಮನ್ನು ನೋಡಿ ಅವಳಿಗೆ ಬೇಜಾರಾಗುದಿಲ್ವಾ? ಎಲ್ಲ ಮರೀಲಿಕ್ಕೆ ಅಂತ ಅಷ್ಟು ದೂರ ಹೋದವಳು."

ಆ ಮಾತು ನನ್ನೊಳಗೆ ಕುಳಿತಿದೆ. ಆದರೂ ಟಿಕೆಟ್ ಆಯಿತು. ಅಕ್ಟೋಬರ್ ಹದಿನೈದಕ್ಕೆ ಹೊರಟು ಮರುದಿನ ರೋಮಿನಲ್ಲಿ ಇಳಿಯುತ್ತೇನೆ. ಇಪ್ಪತ್ತಾರಕ್ಕೆ ವಾಪಸು. ಇಳಿದ ಕೂಡಲೇ ನಿನ್ನ ನಂಬರಿಗೆ ಫೋನ್ ಮಾಡುತ್ತೇನೆ. ಕುಚ್ಚಲಕ್ಕಿ ತರುತ್ತೇನೆ, ತಿಮರೆ ಸೊಪ್ಪಿನ ಚಟ್ನಿಪುಡಿ ಮಾಡಿದ್ದೇನೆ. ಬೇರೇನು ಬೇಕು? ನಿನ್ನ ಉತ್ತರ ಬರುವ ಮೊದಲೇ ನಾನು ಹೊರಟಿರುತ್ತೇನೋ ಏನೋ.

ಮಾಮಿ


ಸಾನ್ ಕ್ವಿರಿಕೊ
4 ಅಕ್ಟೋಬರ್ 2018

ಮಾಮಿ,

ನಿಮ್ಮ ಪತ್ರ ಈಗಷ್ಟೇ ಬಂತು. ಬೇರೇನೂ ಬೇಡ, ನೀವು ಬನ್ನಿ. ಸಾನ್ವಿಯ ಫೋಟೋ ತನ್ನಿ. ನಿಜವಾಗಿ ಹೇಳುತ್ತಿದ್ದೇನೆ.

ಈ ಪತ್ರ ನಿಮ್ಮ ಕೈಗೆ ಹೊರಡುವ ಮೊದಲು ಸಿಗಬೇಕು, ಅದಕ್ಕಾಗಿ ಇವತ್ತೇ ಅಂಚೆಗೆ ಹಾಕುತ್ತೇನೆ. ಎದುರಿಗೆ ಕೇಳಲು ನನಗೆ ಬಾಯಿ ಬರುವುದಿಲ್ಲ.

ಚಳಿಗಾಲಕ್ಕೂ ಇಲ್ಲೇ ಇರುತ್ತೇನೆಂದು ಕಂಪನಿಯವರಿಗೆ ಹೇಳಿಬಿಟ್ಟೆ. ನನ್ನ ಕೋಣೆಯ ಪಕ್ಕದಲ್ಲಿ ಇನ್ನೊಂದು ಕೋಣೆ ಖಾಲಿ ಉಂಟು. ಕಿಟಕಿ ತೆರೆದರೆ ಅಮಿಯಾತಾ ಬೆಟ್ಟ ಕಾಣುತ್ತದೆ, ಬೆಳಗಿನ ಬಿಸಿಲು ಮಂಚದ ತನಕ ಬರುತ್ತದೆ. ಅದನ್ನು ಯಾರಿಗೂ ಕೊಡಬೇಡ ಅಂತ ಆಸ್ಸುಂತಾಳಿಗೆ ಹೇಳಿದ್ದೇನೆ. ಮಾಮಿ, ನೀವು ಇಲ್ಲೇ ಇದ್ದುಬಿಡಿ. ವೀಸಾ, ಕಾಗದಪತ್ರ, ಅದೆಲ್ಲ ಹೇಗೋ ನೋಡಿಕೊಳ್ಳೋಣ. ಅಲ್ಲಿ ನೀವು ಯಾರದೋ ನಿದ್ದೆ ಕಾಯುತ್ತ ಕಿಟಕಿಯಲ್ಲಿ ಕುಳಿತಿರುವುದನ್ನು ನೆನೆದರೆ ನನಗೆ ಗುಡ್ಡ ಹತ್ತಲಾಗುವುದಿಲ್ಲ.

ಬಂದ ಮೇಲೆ ಇದರ ಬಗ್ಗೆ ಏನೂ ಮಾತಾಡಬೇಡಿ. ಇರುವುದಾದರೆ ನಿಮ್ಮ ಬಟ್ಟೆ ತೆಗೆದು ಆ ಕೋಣೆಯ ಬೀರುವಿನಲ್ಲಿ ಇಡಿ. ಹೋಗುವುದಾದರೆ ಪೆಟ್ಟಿಗೆಯಲ್ಲೇ ಇರಲಿ. ನನಗೆ ತಿಳಿಯುತ್ತದೆ. ನಾನು ಕೇಳುವುದಿಲ್ಲ, ಬೇಜಾರೂ ಮಾಡಿಕೊಳ್ಳುವುದಿಲ್ಲ.

ನಿಮ್ಮ,
ಶ್ರೇಯಾ


ಸಾನ್ ಕ್ವಿರಿಕೊ
27 ಅಕ್ಟೋಬರ್ 2018

ಮಾಮಿ,

ನಿನ್ನೆ ಕಿಯೂಸಿ ಸ್ಟೇಷನ್ನಿನಲ್ಲಿ ನಿಮ್ಮನ್ನು ರೋಮಿನ ರೈಲು ಹತ್ತಿಸಿ ಬರುವಾಗ ವ್ಯಾನ್ ಓಡಿಸಲು ಆಗದೆ ದಾರಿ ಬದಿಯಲ್ಲಿ ನಿಲ್ಲಿಸಿದ್ದೆ. ಎದುರಿನ ಗದ್ದೆಯಲ್ಲಿ ಟ್ರ್ಯಾಕ್ಟರ್ ಉಳುತ್ತಿತ್ತು. ಉತ್ತ ಮಣ್ಣು ಇಲ್ಲಿ ಬೂದಿಯ ಬಣ್ಣ.

ನೀವಿದ್ದ ದಿನಗಳನ್ನು ಬರೆದಿಡದಿದ್ದರೆ ನನಗೆ ಸಮಾಧಾನವಿಲ್ಲ. ಎಲೆಕ್ಟ್ರಿಕ್ ಸೈಕಲ್ ಕೊಟ್ಟರೆ "ಬ್ಯಾಟರಿ ಎಂತಕ್ಕೆ? ನಾನೇನು ಟಾರ್ಚಾ?" ಅಂತ ಜಗಳ ಮಾಡಿದಿರಿ. ಮೊದಲ ಏರಿನಲ್ಲೇ ಇಳಿದು, ಮುಖ ತಿರುಗಿಸಿಕೊಂಡು, "ಆಯ್ತು, ಕೊಡು" ಅಂದಿರಿ. ಆಮೇಲೆ ನಿಮ್ಮನ್ನು ಹಿಡಿಯುವವರೇ ಇರಲಿಲ್ಲ. ಆಸ್ಟ್ರೇಲಿಯಾದ ಗಂಡ ಹೆಂಡತಿಯನ್ನು ದಾಟಿ ಹೋಗುವಾಗ ಬೆಲ್ ಬಾರಿಸಿದ್ದು ನೋಡಬೇಕಿತ್ತು. ಬಾಗ್ನೊ ವಿನ್ಯೋನಿಯಲ್ಲಿ ಬಿಸಿನೀರಿನ ತೋಡಿಗೆ ಕಾಲು ಇಳಿಬಿಟ್ಟು ಕುಳಿತು ಇಬ್ಬರೂ ಎಷ್ಟೋ ಹೊತ್ತು ಏನೂ ಮಾತಾಡಲಿಲ್ಲ. ಯಾತ್ರಿಕರ ದಾರಿಯಲ್ಲಿ ನಡೆಯುವಾಗ ನೀವು ಹಿಂದೆ ಬಿದ್ದಿರಿ ಅಂತ ತಿರುಗಿ ನೋಡಿದರೆ, ಇಬ್ಬರು ಪೋಲಿಷ್ ಹುಡುಗಿಯರನ್ನು ನಿಲ್ಲಿಸಿ ಮೊಣಕಾಲಿನ ವ್ಯಾಯಾಮ ಮಾಡಿಸುತ್ತಿದ್ದಿರಿ. ಆಸ್ಸುಂತಾಳ ಆಲಿವ್ ಮರದ ಕೆಳಗೆ ಬಲೆ ಹಾಸಿ ಕಾಯಿ ಉದುರಿಸುವಾಗ ನೀವು ತುಳುವಿನಲ್ಲಿ, ಅವಳು ಇಟಾಲಿಯನ್‌ನಲ್ಲಿ, ಇಬ್ಬರೂ ಸೊಂಟನೋವಿನ ಬಗ್ಗೆಯೇ ಮಾತಾಡಿದಿರೆಂದು ನನಗೆ ಖಾತ್ರಿ.

ದಿನವೂ ನೀವು ಸ್ನಾನಕ್ಕೆ ಹೋದಾಗ ಕೋಣೆಗೆ ಹೋಗಿ ಬೀರು ತೆರೆದು ನೋಡುತ್ತಿದ್ದೆ. ಹ್ಯಾಂಗರುಗಳು ಖಾಲಿ. ಇವತ್ತಲ್ಲದಿದ್ದರೆ ನಾಳೆ ಅಂದುಕೊಳ್ಳುತ್ತಿದ್ದೆ. ಒಂದು ಸಂಜೆ ನಿಮ್ಮ ಶಾಲನ್ನು ಕುರ್ಚಿಯ ಮೇಲೆ ಹಾಕಿದ್ದಿರಿ. ಅದನ್ನೇ ದೊಡ್ಡ ಸೂಚನೆ ಅಂತ ತಿಳಿದು ರಾತ್ರಿ ಅಡುಗೆಗೆ ಎರಡು ಬಗೆ ಹೆಚ್ಚು ಮಾಡಿದೆ. ಬೆಳಿಗ್ಗೆ ಅದೂ ಪೆಟ್ಟಿಗೆಯೊಳಗೆ ಹೋಗಿತ್ತು.

ರೈಲು ಹೊರಡುವಾಗ ನೀವು "ಪೋದು ಬರ್ಪೆ" ಅಂದಿರಿ. ಹೋಗಿ ಬರುತ್ತೇನೆ ಅನ್ನುವುದು ನಮ್ಮಲ್ಲಿ ಎಲ್ಲರೂ ಹೊಸಿಲು ದಾಟುವಾಗ ಹೇಳುವ ಮಾತು. ಅಷ್ಟೇ ಅಂತ ಅರ್ಥ ಮಾಡಿಕೊಂಡೆ.

ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ಬರೆದಿದ್ದೆ. ಮಾತು ಉಳಿಸಿಕೊಳ್ಳಲು ಪ್ರಯತ್ನ ಮಾಡುತ್ತೇನೆ. ಸಾನ್ವಿ ಇದ್ದಾಳಲ್ಲ, ನಿಮ್ಮ ಜಾಗ ಅಲ್ಲೇ. ಒಂದನೇ ತಾರೀಕಿಗೆ ಆ ಕೋಣೆಯನ್ನು ಬೇರೆಯವರಿಗೆ ಕೊಡಲು ಆಸ್ಸುಂತಾಳಿಗೆ ಹೇಳುತ್ತೇನೆ.

ನಿಮ್ಮ,
ಶ್ರೇಯಾ


ಓಕ್‌ವಿಲ್
28 ಅಕ್ಟೋಬರ್ 2018

ಶ್ರೇಯಾ, ಮಗಾ,

ಮೊದಲೇ ಹೇಳಿಬಿಡುತ್ತೇನೆ. ನಿನ್ನ ನಾಲ್ಕನೇ ತಾರೀಕಿನ ಪತ್ರ ನಾನು ಓದಿದ್ದು ಈಗ. ನಾನು ವಿಮಾನ ಹತ್ತಿದ ಮೇಲೆ ಅದು ಇಲ್ಲಿಗೆ ಬಂದಿದೆ. ನಾನು ಬೇಡ ಅಂದದ್ದಲ್ಲ. ನೀನು ಕೇಳಿದ್ದೇ ನನಗೆ ಗೊತ್ತಿರಲಿಲ್ಲ.

ಅಯ್ಯೋ, ಆ ಬೀರು ನಾನು ತೆರೆದದ್ದೇ ಇಲ್ಲ! ಬೇರೆಯವರ ಮನೆಯ ಬೀರು ಅಂತ ಮುಟ್ಟಲಿಲ್ಲ. ಒಂದು ಸಂಜೆ ಶಾಲನ್ನು ಕುರ್ಚಿಯ ಮೇಲೆ ಹಾಕಿದ್ದೆ, ಅದನ್ನೂ ಆಮೇಲೆ ಸಂಕೋಚವಾಗಿ ತೆಗೆದಿಟ್ಟೆ, ಅತಿಥಿಯಾಗಿ ಬಂದವಳು ಹರಡಿಕೊಂಡು ಕೂರಬಾರದಲ್ಲ ಅಂತ. ನೀನು ಆ ದಿನಗಳಲ್ಲಿ ಒಮ್ಮೊಮ್ಮೆ ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದೆ. ಲತೀಶ್ ಹೇಳಿದ್ದೇ ಸರಿ, ನನ್ನನ್ನು ನೋಡಿ ಇವಳಿಗೆ ಹಳೆಯದೆಲ್ಲ ನೆನಪಾಗುತ್ತಿದೆ ಅಂದುಕೊಂಡೆ. ನಾನೂ ಒಂದು ಮಾತು ಹೊತ್ತುಕೊಂಡು ಬಂದಿದ್ದೆ: 'ವಾಪಸು ಬಾ ಶ್ರೇಯಾ' ಅಂತ. ರಾದಿಕೋಫಾನಿಯ ಏರಿನಲ್ಲಿ ಹೇಳಬೇಕೆಂದಿದ್ದೆ. ಆದರೆ ಅಲ್ಲಿ ನೀನು ಹಿಂದೆ ಬಿದ್ದವರ ಬೆನ್ನು ತಟ್ಟಿ ತಟ್ಟಿ ಮೇಲೆ ಕರೆತರುವುದನ್ನು ನೋಡಿದೆ. ಇವಳನ್ನು ಇಲ್ಲಿಂದ ಎಬ್ಬಿಸಿ ಎಲ್ಲಿಗೆ ಕರೆದೊಯ್ಯಲಿ, ನನ್ನ ಮಗನ ಮನೆಗೆ ನೆಂಟಳಾಗಿಯೇ? ಸುಮ್ಮನಾದೆ. ನೋಡು, ಇಬ್ಬರೂ ಬಾಯಿ ಕಟ್ಟಿಕೊಂಡು ಗುಡ್ಡ ಸುತ್ತಿದೆವು.

ಏರ್‌ಪೋರ್ಟಿಗೆ ಲತೀಶ್ ಬಂದಿದ್ದ. ಹೈವೇಯಲ್ಲಿ ಎಷ್ಟೋ ದೂರ ಬಂದ ಮೇಲೆ ಕೇಳಿದ, "ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ. ಕಪ್ಪಾಗಿದ್ದಾಳೆ. ಕಾಲು ಗಟ್ಟಿ ಆಗಿದೆ."

"ನನ್ನ ವಿಷಯ ಕೇಳಿದಳಾ?"

"ಇಲ್ಲ," ಅಂದೆ. ಸುಳ್ಳು ಹೇಳಲು ಬರಲಿಲ್ಲ.

ಅವನು ತಲೆಯಾಡಿಸಿದ. ನಮ್ಮ ಎಕ್ಸಿಟ್ ದಾಟಿಹೋಯಿತು. ಬರ್ಲಿಂಗ್ಟನ್ ತನಕ ಹೋಗಿ ತಿರುಗಿಸಿಕೊಂಡು ಬಂದೆವು. ಮನೆ ಮುಟ್ಟಿದ ಮೇಲೆ ಹೇಳಿದ, "ಮೇಜಿನ ಮೇಲೆ ಅವಳ ಕಾಗದ ಉಂಟು. ನಾನು ಓದಲಿಲ್ಲ."

ನಾನು ಓದಿದೆ. ಫೋನ್ ಮಾಡಲು ಹೊರಟೆ. ಅಲ್ಲಿ ನಿನಗೆ ನಡುರಾತ್ರಿ, ಮತ್ತೆ ಬೆಳಿಗ್ಗೆ ಮಾಡಿದರೂ ನಾವಿಬ್ಬರೂ ಅತ್ತುಬಿಡುತ್ತೇವೆ ಅಷ್ಟೆ. ನೀನು ಬರೆದು ಕೇಳಿದ್ದಿ, ನಾನೂ ಬರೆದೇ ಹೇಳಬೇಕು.

ಪೂರ್ತಿಯಾಗಿ ಬಂದು ಇರಲಾರೆ. ಸಾನ್ವಿಯನ್ನು ಎತ್ತಿಕೊಂಡಾಗಿದೆ, ಇನ್ನು ಅವಳನ್ನು ಬಿಟ್ಟು ನನಗೆ ಇರಲಾಗುವುದಿಲ್ಲ. ನಿನ್ನನ್ನು ಬಿಟ್ಟೂ ಇರಲಾಗುವುದಿಲ್ಲ ಅನ್ನುವುದು ಈ ಎರಡು ವರ್ಷದಲ್ಲಿ ಗೊತ್ತಾಗಿದೆ. ಇವತ್ತು ಬೆಳಿಗ್ಗೆ ಲತೀಶನಿಗೆ ಎಲ್ಲ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು, "ಒಮ್ಮೆಗೆ ಮೂರು ತಿಂಗಳು ಇರ್ಲಿಕ್ಕೆ ಬಿಡ್ತಾರೆ ಅಮ್ಮ" ಅಂದ. ಏಪ್ರಿಲ್‌ನಲ್ಲಿ ಬರುತ್ತೇನೆ, ಗೋಧಿ ಕೊಯ್ಯುವ ತನಕ ಇರುತ್ತೇನೆ. ಮುಂದಿನ ವರ್ಷವೂ, ಕಾಲು ನಡೆಯುವಷ್ಟು ವರ್ಷವೂ. ಆದರೆ ಹಿಂತಿರುಗುವ ಟಿಕೆಟ್ ಕೈಯಲ್ಲಿಟ್ಟುಕೊಂಡೇ ಬರುವುದು. ನಾನು ಅಲ್ಲೇ ಇದ್ದುಬಿಟ್ಟರೆ ನೀನು ನನ್ನ ಮೊಣಕಾಲು ನೋಡಿಕೊಂಡು ಕೂರುವವಳಾಗುತ್ತಿ. ನಿನಗೆ ಇನ್ನೂ ಮೂವತ್ತನಾಲ್ಕು. ಯಾರಾದರೂ ನಿನ್ನ ಪಕ್ಕದಲ್ಲಿ ಸೈಕಲ್ ತುಳಿಯುವಂತಾದರೆ ನನಗೆ ಮೊದಲು ಬರಿ.

ಕೋಣೆಯನ್ನು ಯಾರಿಗೂ ಕೊಡಬೇಡ.

ನಿನ್ನ,
ಮಾಮಿ


ಸಾನ್ ಕ್ವಿರಿಕೊ
14 ನವೆಂಬರ್ 2018

ಮಾಮಿ,

ನಿಮ್ಮ ಪತ್ರ ಬಂತು. ಕೋಣೆ ಕೊಟ್ಟಾಯಿತು.

ಒಂದನೇ ತಾರೀಕಿಗೆ ನಾನೇ ಆಸ್ಸುಂತಾಳಿಗೆ ಹೇಳಿದ್ದೆ. ಶಾಲೆಗೆ ಹೊಸದಾಗಿ ಬಂದ ಸಂಗೀತದ ಟೀಚರ್ ಒಬ್ಬಳು ಜುಲೈ ತನಕಕ್ಕೆ ಹಿಡಿದಿದ್ದಾಳೆ. ಬೆಳಿಗ್ಗೆ ಎದ್ದ ಕೂಡಲೇ ಕೊಳಲು. ಇವತ್ತು ನಿಮ್ಮ ಪತ್ರವನ್ನು ಆಸ್ಸುಂತಾಳಿಗೆ ನನಗೆ ಬರುವ ಅರೆಬರೆ ಇಟಾಲಿಯನ್‌ನಲ್ಲಿ ಓದಿ ಹೇಳಿದೆ. ಅರ್ಧಕ್ಕೇ ನನ್ನ ತಲೆಗೆ ಮೊಟಕಿದಳು. "ಎದುರಿಗೆ ಕೂತು ಕೇಳಲು ನಿನಗೆ ನಾಲಗೆ ಇರಲಿಲ್ಲವಾ?" ಅಂತ ಬೈದಳು. ಆಮೇಲೆ ಅಟ್ಟದ ಮೇಲಿಂದ ಕಬ್ಬಿಣದ ಹಳೆಯ ಮಂಚ ಇಳಿಸಲು ಇಬ್ಬರೂ ಪಟ್ಟ ಪಾಡು ಕೇಳಬೇಡಿ. ಅದನ್ನು ನನ್ನ ಕೋಣೆಯಲ್ಲೇ, ನನ್ನ ಮಂಚದ ಪಕ್ಕದಲ್ಲಿ ಹಾಕಿದ್ದೇವೆ. ಮಧ್ಯೆ ಒಬ್ಬರು ನಡೆಯುವಷ್ಟು ಜಾಗ ಉಂಟು. ಬೆಟ್ಟ ಕಾಣುವುದಿಲ್ಲ, ಅಂಗಳ ಮತ್ತು ಕೋಳಿಗೂಡು ಕಾಣುತ್ತದೆ. ನೀವು ಗೊರಕೆ ಹೊಡೆಯುತ್ತೀರಿ ಅಂತಲೂ ನನಗೆ ಗೊತ್ತುಂಟು. ಆಗಬಹುದಾ?

ಟೂರುಗಳೆಲ್ಲ ಮುಗಿದವು. ಸೈಕಲ್‌ಗಳನ್ನು ತೊಳೆದು, ಎಣ್ಣೆ ಹಚ್ಚಿ, ಸಾಲಾಗಿ ತೂಗುಹಾಕಿದ್ದೇವೆ. ರಸ್ತೆಯಲ್ಲಿ ಈಗ ಯಾರೂ ಇಲ್ಲ. ಬೆಳಿಗ್ಗೆ ಕಣಿವೆಯಲ್ಲಿ ಮಂಜು ತುಂಬಿರುತ್ತದೆ, ಗುಡ್ಡದ ಊರುಗಳು ಮಾತ್ರ ಮೇಲೆ ತೇಲುತ್ತಿರುತ್ತವೆ. ಇವತ್ತು ಮಧ್ಯಾಹ್ನ ಒಬ್ಬಳೇ ನಡೆದು ಹೋಗಿ ನೋಡಿದೆ. ಉತ್ತ ಗದ್ದೆಗೆ ಬೀಜ ಬಿತ್ತಿ ಹೋಗಿದ್ದಾರೆ. ಏನೂ ಮೊಳೆತಿಲ್ಲ ಇನ್ನೂ. ಅದರ ಅಂಚಿನಲ್ಲಿ ನಿಂತು, ಯಾರೂ ಇಲ್ಲದ್ದರಿಂದ, ತುಳುವಿನಲ್ಲಿ ಗಟ್ಟಿಯಾಗಿ ನಿಮ್ಮನ್ನು ಕರೆದೆ. ಎದುರು ಗುಡ್ಡದಲ್ಲಿ ಯಾವುದೋ ನಾಯಿ ಬೊಗಳಿತು, ಅಷ್ಟೆ. ಆದರೂ ಕರೆದು ಬಂದದ್ದಕ್ಕೆ ಮನಸ್ಸು ಹಗುರಾಯಿತು.

ಏಪ್ರಿಲ್‌ಗೆ ಬಹಳ ದಿನ ಉಂಟು ಮಾಮಿ. ಇರಲಿ. ಈ ಸಲ ಯಾರನ್ನು ಕಾಯುತ್ತಿದ್ದೇನೆಂದು ನನಗೆ ಗೊತ್ತು.

ನಿಮ್ಮ,
ಶ್ರೇಯಾ